ಮುತ್ತುಗದ ಕಾಡು, ಅಗಸೆಯ ಎಣ್ಣೆ

ಮಕ್ಕಳ ಕೈಗೆ ಹಾಳೆ, ಬಣ್ಣ ಕೊಟ್ಟು 'ಒಂದು ನಿಸರ್ಗ ಚಿತ್ರ ತೆಗೆಯಿರಿ' ಎಂದು ಹೇಳಿ ನೋಡಬೇಕು. ಬಹುಪಾಲು ಹಾಳೆಗಳ ಮೇಲೆ ಒಂದೇ ಚಿತ್ರ ಮೂಡುತ್ತದೆ. ಎರಡು ತ್ರಿಕೋನದ ಗುಡ್ಡಗಳು, ಅವುಗಳ ನಡುವೆ ಅರ್ಧ ಸೂರ್ಯ, ಗುಡ್ಡದಿಂದ ಹಾವಿನಂತೆ ಇಳಿದು ಬರುವ ನದಿ, ದಂಡೆಗೆ ಒಂದು ಹೆಂಚಿನ ಮನೆ. ಸ್ವಲ್ಪ ದೊಡ್ಡ ಮಕ್ಕಳಾದರೆ ಇದಕ್ಕೆ ಕಾಡು ಸೇರುತ್ತದೆ. ಚೂಪು ತುದಿಯ, ಕೆಳಗೆ ಅಗಲವಾಗುತ್ತ ಹೋಗುವ ಹಸಿರು ಮರಗಳು ಸಾಲಾಗಿ ನಿಲ್ಲುತ್ತವೆ. ಮರದ ತುದಿಗೆ ಒಂದಿಷ್ಟು ಹಿಮವೂ ಬೀಳಬಹುದು!

ಹುಮನಾಬಾದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇಂಥದೊಂದು ಚಿತ್ರವನ್ನು ಮೊಬೈಲು ನೋಡಿಕೊಂಡು ಬರೆದು ಮುಗಿಸಿದ್ದಾಳೆ ಎಂದಿಟ್ಟುಕೊಳ್ಳಿ. ಮನೆಮಂದಿಯೆಲ್ಲ 'ಭೇಷ್' ಎನ್ನುತ್ತಾರೆ. ಹೊಲದಿಂದ ಬಂದ ಮುತ್ಯಾ ಮಾತ್ರ ಚಿತ್ರವನ್ನು ಹತ್ತಿರ ಹಿಡಿದು ನೋಡಿ, "ಚಂದ ಅದವ್ವ. ಆದ್ರ ಇದು ಯಾವ ಗಿಡ?" ಎಂದು ಕೇಳುತ್ತಾನೆ. ಹುಡುಗಿಯಲ್ಲಿ ಉತ್ತರವಿಲ್ಲ.

ಈ ಪ್ರಶ್ನೆ ಚಿಕ್ಕದು. ಆದರೆ ಎಣ್ಣೆಬಣ್ಣದಲ್ಲಿ ಕಾಡಿನ ಚಿತ್ರ ಕಲಿಯಬೇಕೆನ್ನುವ ಯಾವ ವಿದ್ಯಾರ್ಥಿಯೂ ಕುಂಚ ಹಿಡಿಯುವ ಮುನ್ನ ಇದಕ್ಕೆ ಉತ್ತರ ಹುಡುಕಲೇಬೇಕು.

ಎಲ್ಲಿಯ ಮರ, ಯಾರ ಕಣ್ಣು?

ಇಂದು ಮೊಬೈಲಿನಲ್ಲಿ 'ಅರ್ಧ ಗಂಟೆಯಲ್ಲಿ ಕಾಡಿನ ಚಿತ್ರ' ಕಲಿಸುವ ಪಾಠಗಳಿಗೆ ಲೆಕ್ಕವಿಲ್ಲ. ಇವುಗಳಲ್ಲಿ ಹಲವಕ್ಕೆ ಮೂಲಪುರುಷ ಅಮೆರಿಕದ ಬಾಬ್ ರಾಸ್. 1983ರಿಂದ 1994ರವರೆಗೆ ಅಲ್ಲಿಯ ಟಿ.ವಿ.ಯಲ್ಲಿ ಈತ 403 ಕಂತುಗಳಲ್ಲಿ ಚಿತ್ರ ಬರೆದು ತೋರಿಸಿದ. ಹಸಿ ಬಣ್ಣದ ಮೇಲೆಯೇ ಹಸಿ ಬಣ್ಣ ಹಚ್ಚುತ್ತ, ಅರ್ಧ ಗಂಟೆಯ ಕಾರ್ಯಕ್ರಮದೊಳಗೆ ಗುಡ್ಡ, ಕೆರೆ, ಕಾಡು ಎಲ್ಲವನ್ನೂ ಮುಗಿಸುತ್ತಿದ್ದ ಅವನ ಕೈಚಳಕಕ್ಕೆ ಜಗತ್ತೇ ಮರುಳಾಯಿತು.

ಆದರೆ ಎರಡು ಸಂಗತಿಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದು, ಪ್ರತಿ ಕಂತಿಗೂ ಮುಂಚೆ ಆತ ಅದೇ ಚಿತ್ರವನ್ನು ಒಮ್ಮೆ ಬರೆದಿಟ್ಟುಕೊಂಡಿರುತ್ತಿದ್ದ. ಪ್ರೇಕ್ಷಕರಿಗೆ ಕಾಣುತ್ತಿದ್ದುದು ಎರಡನೆಯ ಸಲದ ಸಲೀಸು. ಎರಡು, ಅಮೆರಿಕದ ವಾಯುಪಡೆಯಲ್ಲಿದ್ದಾಗ ಆತ ಹಲವು ವರ್ಷ ಅಲಾಸ್ಕದಲ್ಲಿ ಕೆಲಸ ಮಾಡಿದ್ದ. ಹಿಮದ ಗುಡ್ಡ, ಚೂಪು ಮರ ಎರಡನ್ನೂ ಅಲ್ಲಿ ನಿತ್ಯ ಕಂಡಿದ್ದ. ಆ ಮರವನ್ನು ಕುಂಚದ ನಾಲ್ಕು ಒತ್ತಿನಲ್ಲಿ ಮೂಡಿಸುವ ಉಪಾಯ ಅವನದು, ಅವನ ಕಣ್ಣು ದುಡಿದು ಗಳಿಸಿದ್ದು. ಹುಮನಾಬಾದಿನ ಹುಡುಗಿ ಅದನ್ನು ನಕಲು ಮಾಡಿದಾಗ ಆಕೆಗೆ ದಕ್ಕಿದ್ದು ಒತ್ತು ಮಾತ್ರ. ನೋಟ ದಕ್ಕಲಿಲ್ಲ.

ಇಲ್ಲಿಯೇ 'ಶೈಲೀಕರಣ' ಎಂಬ ಮಾತಿನ ಅರ್ಥವೂ ತಿಳಿಯುತ್ತದೆ. ಕಂಡದ್ದನ್ನು ಕಂಡಂತೆಯೇ ಫೋಟೊದ ಹಾಗೆ ಬರೆಯದೆ, ಅದರ ಮುಖ್ಯ ಗುಣವನ್ನು ಹಿಡಿದು, ಉಳಿದದ್ದನ್ನು ಬಿಟ್ಟು, ಆಕಾರವನ್ನು ಸರಳಗೊಳಿಸಿ ಬರೆಯುವುದೇ ಶೈಲೀಕರಣ. ಸಾವಿರ ಎಲೆಗಳ ಬದಲು ಒಂದು ಗುಮ್ಮಟದಂಥ ಆಕಾರ, ನೂರು ಕೊಂಬೆಗಳ ಬದಲು ಎರಡೇ ತಿರುವು. ಇದು ಸುಲಭದ ಅಡ್ಡದಾರಿ ಎಂದು ಅನೇಕರು ತಿಳಿದಿದ್ದಾರೆ. ಏನನ್ನು ಬಿಡಬೇಕು ಎಂದು ತಿಳಿಯಬೇಕಾದರೆ ಮೊದಲು ಎಲ್ಲವನ್ನೂ ನೋಡಿರಬೇಕಲ್ಲವೇ?

ಬಯಲು ಸೀಮೆಯಲ್ಲಿ ಕಾಡೆಲ್ಲಿ?

ಬೀದರ್ ಜಿಲ್ಲೆ ಮಲೆನಾಡಲ್ಲ. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಬಸ್ಸಿನಲ್ಲಿ ಹೊರಟರೆ ಕಿಟಕಿಯಾಚೆ ಕಾಣುವುದು ತೊಗರಿ, ಕಡಲೆ, ಕಬ್ಬಿನ ಹೊಲಗಳು, ಕೆಂಪು ಮುರಮಿನ ದಿಬ್ಬಗಳು. ಅಲ್ಲಲ್ಲಿ ಕುರುಚಲು ಕಾಡು. 'ನಮ್ಮಲ್ಲಿ ಕಾಡೇ ಇಲ್ಲ, ಇನ್ನು ಬರೆಯುವುದೇನು?' ಎಂದು ಮಕ್ಕಳು ಕೇಳುವುದು ಸಹಜ.

ಆದರೆ ಮರಗಳಿವೆ. ಪ್ರತಿ ಮರಕ್ಕೂ ಅದರದೇ ಆಕಾರವಿದೆ. ಜಾಲಿ ಕೊಡೆ ಬಿಚ್ಚಿದಂತೆ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಹುಣಿಸೆ ದಟ್ಟ ಗುಮ್ಮಟ. ಬೇವು ಮೋಡದ ತುಣುಕುಗಳನ್ನು ಒಂದರ ಪಕ್ಕ ಒಂದು ಪೇರಿಸಿದಂತೆ. ಈಚಲು ಪಟಾಕಿ ಸಿಡಿದಂತೆ. ಇನ್ನು ಮುತ್ತುಗ. ಈ ಭಾಗದ ಜನರ ಬಾಯಲ್ಲಿ ಅದು ಮುತ್ತಲ. ಅದರ ಕಾಂಡ ನೇರ ನಿಲ್ಲುವುದೇ ಅಪರೂಪ. ಸೊಟ್ಟಗೆ ಬಾಗಿ, ಮತ್ತೆ ತಿರುಗಿ, ಕುಣಿಯುವವನ ಮೈಯಂತೆ ಇರುತ್ತದೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ ಮುಗಿದ ಮೇಲೆ ಕೆಲವೇ ವಾರಗಳಲ್ಲಿ ಮುತ್ತುಗ ಎಲೆ ಉದುರಿಸಿ, ಕಪ್ಪು ಮೊಗ್ಗುಗಳನ್ನು ತಳೆದು, ಹೋಳಿ ಹುಣ್ಣಿಮೆಯ ಹೊತ್ತಿಗೆ ಕೆಂಡದ ಬಣ್ಣದ ಹೂಗಳಿಂದ ತುಂಬಿಕೊಳ್ಳುತ್ತದೆ. ಕಪ್ಪು ತೊಟ್ಟು, ಕೇಸರಿ ಹೂವು, ಬೂದು ಕಾಂಡ, ಕೆಂಪು ನೆಲ. ಚಿತ್ರಕಾರನಿಗೆ ಇದಕ್ಕಿಂತ ಹೆಚ್ಚೇನು ಬೇಕು?

ನಾಲ್ಕು ಮರಗಳನ್ನು ಕಾಡಾಗಿಸುವ ಉಪಾಯವೂ ಇದೆ. ಆಸ್ಟ್ರಿಯದ ಗುಸ್ತಾವ್ ಕ್ಲಿಮ್ಟ್ (1862-1918) ಬೇಸಿಗೆಯಲ್ಲಿ ಆಟರ್‌ಜೇ ಎಂಬ ಸರೋವರದ ತೀರಕ್ಕೆ ಹೋಗಿ ಎಣ್ಣೆಬಣ್ಣದಲ್ಲಿ ಕಾಡಿನ ಚಿತ್ರಗಳನ್ನು ಬರೆಯುತ್ತಿದ್ದ. ರಟ್ಟಿನ ತುಂಡಿಗೆ ಚೌಕದ ಕಿಂಡಿ ಕೊರೆದು, ಅದರೊಳಗಿಂದ ನೋಡಿ ತನಗೆ ಬೇಕಾದ ನೋಟವನ್ನು ಆರಿಸಿಕೊಳ್ಳುತ್ತಿದ್ದ. ಅವನ ಕಾಡುಗಳಲ್ಲಿ ಮರದ ತುದಿ ಕಾಣುವುದೇ ಇಲ್ಲ. ಕಾಂಡಗಳು ಚಿತ್ರದ ಮೇಲಂಚಿನಲ್ಲಿ ಕತ್ತರಿಸಿ ಹೋಗುತ್ತವೆ, ನೆಲ ಬಹಳ ಎತ್ತರಕ್ಕೆ ಏರಿರುತ್ತದೆ. ಹೀಗಾಗಿ ನೋಡುವವನು ಕಾಡಿನ ಒಳಗೇ ನಿಂತಂತೆ ಭಾಸವಾಗುತ್ತದೆ. ಊರ ಹೊರಗಿನ ಬೇವಿನ ತೋಪಿನಲ್ಲಿ ನಿಂತು, ಹಳೆಯ ನೋಟ್‌ಬುಕ್ಕಿನ ರಟ್ಟಿಗೆ ಕಿಂಡಿ ಕೊರೆದು ನೋಡಿದರೆ ಹತ್ತು ಮರಗಳ ತೋಪೂ ದಟ್ಟಡವಿಯಾಗುತ್ತದೆ. ಈ ಸಾಧನಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಫ್ರಾನ್ಸಿನ ಆನ್ರಿ ರೂಸೋ (1844-1910) ಕಥೆ ಇನ್ನೂ ಸ್ವಾರಸ್ಯಕರ. ಪ್ಯಾರಿಸ್ಸಿನ ಸುಂಕದ ಕಟ್ಟೆಯಲ್ಲಿ ನೌಕರನಾಗಿದ್ದ ಈತ ಹುಲಿ, ಸಿಂಹ, ಮಂಗಗಳಿರುವ ದಟ್ಟ ಕಾಡುಗಳನ್ನು ಬರೆದು ಹೆಸರಾದ. ಆದರೆ ಆತ ಫ್ರಾನ್ಸ್ ಬಿಟ್ಟು ಹೊರಗೆ ಹೋದವನೇ ಅಲ್ಲ! ನಗರದ ಸಸ್ಯೋದ್ಯಾನಕ್ಕೆ ಹೋಗಿ, ಗಾಜಿನ ಮನೆಗಳಲ್ಲಿ ಬೆಳೆಸಿದ ಗಿಡಗಳನ್ನು ನೋಡಿ ಬಂದು, ಅವುಗಳ ಎಲೆಗಳನ್ನು ಮರದೆತ್ತರಕ್ಕೆ ಹಿಗ್ಗಿಸಿ ಬರೆದ. ಕಾಡು ಕಲ್ಪನೆಯದು, ಆದರೆ ಎಲೆ ಕಣ್ಣಾರೆ ಕಂಡದ್ದು. ಕಲ್ಪನೆಗೂ ನಕಲಿಗೂ ಇರುವ ವ್ಯತ್ಯಾಸ ಇದೇ.

ಮನೆಯ ಹತ್ತಿರವೇ ಇರುವ ಪಾಠಶಾಲೆ

ಸರಳಗೊಳಿಸುವ ಕಲೆಯನ್ನು ಕಲಿಯಲು ವಿಯೆನ್ನಾ, ಪ್ಯಾರಿಸ್ಸಿಗೆ ಹೋಗಬೇಕಿಲ್ಲ. ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣದ ಸುತ್ತಮುತ್ತ ಶಿಲ್ಪಿಗಳು ಬಿಟ್ಟುಹೋದ ಪಾಠಗಳು ಕಲ್ಲಿನಲ್ಲಿಯೇ ಇವೆ. ನಾರಾಯಣಪುರದ ಶಿವಾಲಯ, ಹುಮನಾಬಾದ್ ತಾಲ್ಲೂಕಿನ ಜಲಸಂಗವಿಯ ದೇವಾಲಯ ಅಂಥವು. ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿರುವ ಜಲಸಂಗವಿಯ ಮದನಿಕೆಯನ್ನು ನೋಡಲು ಜನ ದೂರದಿಂದ ಬರುತ್ತಾರೆ. ಚಾಲುಕ್ಯ ಶಿಲ್ಪಿಗಳ ಕೈಯಲ್ಲಿ ಬಳ್ಳಿಯೊಂದು ಹೇಗೆ ಅಲೆಯಾಗುತ್ತದೆ, ಎಲೆ ಹೇಗೆ ಸುರುಳಿಯಾಗುತ್ತದೆ ಎಂಬುದನ್ನು ಚಿತ್ರ ಕಲಿಯುವವರು ಪೆನ್ಸಿಲ್ ಹಿಡಿದು ನೋಡಬೇಕು.

ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯ ಮೇಲೆ ಉಳಿದಿರುವ ಬಣ್ಣದ ಹೆಂಚುಗಳಿವೆ. ಅಷ್ಟೂರಿನ ಅಹ್ಮದ್ ಶಾ ವಲಿಯ ಗೋರಿಯ ಒಳಮೈಯಲ್ಲಿ ಹೂಬಳ್ಳಿಗಳ ವರ್ಣಚಿತ್ರವಿದೆ. ಎಲ್ಲಕ್ಕಿಂತ ಹೆಚ್ಚಾಗಿ ಬಿದರಿ ಕಲೆ ಇದೆ. ಸತುವು, ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಕುಶಲಕರ್ಮಿ ಹೂವು ಎಲೆಗಳ ಗೆರೆ ಕೊರೆದು, ಅದರೊಳಗೆ ಬೆಳ್ಳಿ ಕೂಡಿಸುತ್ತಾನೆ. ಆಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಸೇರಿಸಿ ಕುದಿಸಿದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಲೆಯಲ್ಲಿ ಬಣ್ಣ ಎರಡೇ, ಕಪ್ಪು ಮತ್ತು ಬಿಳಿ. ಆದರೂ ಹೂವು ಹೂವಾಗಿಯೇ ಕಾಣುತ್ತದೆ. ಏಕೆಂದರೆ ಕತ್ತಲೆ ಎಲ್ಲಿ, ಬೆಳಕು ಎಲ್ಲಿ ಎಂಬ ನಿರ್ಧಾರ ಅಲ್ಲಿ ಮೊದಲೇ ಆಗಿರುತ್ತದೆ.

ಎಣ್ಣೆಬಣ್ಣದ ವಿದ್ಯಾರ್ಥಿಗೂ ಮೊದಲ ಕೆಲಸ ಇದೇ. ಕಣ್ಣು ಕಿರಿದಾಗಿಸಿ ಮರಗಳನ್ನು ನೋಡಬೇಕು. ಆಗ ಎಲೆ, ಕಡ್ಡಿ, ತೊಗಟೆ ಎಲ್ಲ ಮಾಯವಾಗಿ ಕತ್ತಲೆ, ನಸುಬೆಳಕು, ಬೆಳಕು ಎಂಬ ಮೂರೇ ಪಾಲು ಉಳಿಯುತ್ತವೆ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಚೌಕ ಹಾಕಿಕೊಂಡು ಈ ಮೂರು ಪಾಲುಗಳನ್ನು ಮಾತ್ರ ಪೆನ್ಸಿಲಿನಿಂದ ತುಂಬಬೇಕು. ಇಂಥ ಐದಾರು ಪುಟ್ಟ ಚಿತ್ರ ಬರೆದು, ಅದರಲ್ಲಿ ಚೆನ್ನಾಗಿರುವ ಒಂದನ್ನು ಆರಿಸಿಕೊಂಡ ಮೇಲೆಯೇ ಬಣ್ಣದ ಟ್ಯೂಬಿಗೆ ಕೈ ಹಾಕಬೇಕು. ಅವಸರ ಪಟ್ಟವರ ಚಿತ್ರ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ.

ಅಗಸಿ ಹಿಂಡಿಯ ಎಣ್ಣೆಯೇ ಇದು

ಎಣ್ಣೆಬಣ್ಣ ಎಂದರೆ ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಕಲಸಿದ್ದು. ಯಾವ ಎಣ್ಣೆ? ಹೆಚ್ಚಾಗಿ ಅಗಸೆಯದು. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಜೊತೆಗೆ ಅಗಸಿ ಹಿಂಡಿ ಇಲ್ಲದಿದ್ದರೆ ಊಟವೇ ಸಪ್ಪೆ. ಅದೇ ಅಗಸೆ ಬೀಜದ ಎಣ್ಣೆಯನ್ನು ಶುದ್ಧಗೊಳಿಸಿ ಚಿತ್ರಕಲೆಗೆ ಬಳಸುತ್ತಾರೆ. ಬಿಳಿ ಮತ್ತು ತಿಳಿ ಬಣ್ಣಗಳಿಗೆ ಕುಸುಬೆ ಎಣ್ಣೆಯೂ ಬಳಕೆಯಲ್ಲಿದೆ. ಅದು ಅಗಸೆಯಷ್ಟು ಬೇಗ ಹಳದಿಯಾಗುವುದಿಲ್ಲ, ಆದರೆ ಒಣಗುವುದು ನಿಧಾನ. ಈ ಭಾಗದ ರೈತರಿಗೆ ಎರಡೂ ಪರಿಚಿತ ಬೆಳೆಗಳೇ.

ಶೇಂಗಾ ಎಣ್ಣೆಯಲ್ಲಿ ಬಣ್ಣ ಕಲಸಿದರೆ ವರ್ಷ ಕಳೆದರೂ ಅಂಟಂಟಾಗಿಯೇ ಇರುತ್ತದೆ. ಅಗಸೆ ಎಣ್ಣೆಯ ಗುಣ ಬೇರೆ. ಅದು ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ತಾನೇ ಗಟ್ಟಿ ಪದರವಾಗುತ್ತದೆ. ಆದ್ದರಿಂದಲೇ ಎಣ್ಣೆಬಣ್ಣದ ಚಿತ್ರಗಳು ಶತಮಾನಗಳ ಕಾಲ ಉಳಿಯುತ್ತವೆ. ಹದಿನೈದನೆಯ ಶತಮಾನದಲ್ಲಿ ಯುರೋಪಿನ ಯಾನ್ ವಾನ್ ಐಕ್ ಈ ಮಾಧ್ಯಮಕ್ಕೆ ಹೊಸ ಹೊಳಪು ಕೊಟ್ಟ. ಆದರೆ ಒಣಗುವ ಎಣ್ಣೆಯಲ್ಲಿ ಬಣ್ಣ ಕಲಸುವ ವಿದ್ಯೆ ಅದಕ್ಕಿಂತ ಹಳೆಯದು. ಆಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಿ ಏಳನೆಯ ಶತಮಾನದ ಬೌದ್ಧ ಚಿತ್ರಗಳಲ್ಲಿಯೇ ಅಂಥ ಎಣ್ಣೆ ಇರುವುದನ್ನು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ರ‍್ಯಾಂಡ್ ಬಣ್ಣ ತುಂಬುವ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಟ್ಯೂಬು ಬಂದ ಮೇಲೆ ಚಿತ್ರಕಾರರು ಬಣ್ಣ ಹೊತ್ತುಕೊಂಡು ಹೊಲ, ಕಾಡು, ನದಿದಂಡೆಗೆ ಹೋಗುವುದು ಸಲೀಸಾಯಿತು.

ಆರು ಟ್ಯೂಬು ಸಾಕು

ಪಾಲಕರು ಮೊದಲು ಹೆದರುವುದು ಖರ್ಚಿಗೆ. ಮೂವತ್ತು ಬಣ್ಣದ ದೊಡ್ಡ ಪೆಟ್ಟಿಗೆ ಕೊಡಿಸುವ ಅಗತ್ಯವಿಲ್ಲ. ವಿದ್ಯಾರ್ಥಿಗಳಿಗಾಗಿಯೇ ತಯಾರಿಸಿದ ಸಣ್ಣ ಟ್ಯೂಬುಗಳಲ್ಲಿ ಆರು ಸಾಕು: ಟೈಟಾನಿಯಂ ವೈಟ್, ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಸ್ಕಾರ್ಲೆಟ್, ಬರ್ಂಟ್ ಸಿಯೆನ್ನಾ, ಅಲ್ಟ್ರಾಮರೀನ್ ಬ್ಲೂ. ಹಸಿರು ಟ್ಯೂಬು ಕೊಳ್ಳದಿರುವುದೇ ಲೇಸು. ನೀಲಿಗೆ ಲೆಮನ್ ಹಳದಿ ಬೆರೆಸಿದರೆ ಚಿಗುರಿನ ಹಸಿರು, ಓಕರ್ ಬೆರೆಸಿದರೆ ಜಾಲಿಯ ಮಾಸಲು ಹಸಿರು, ಅದಕ್ಕೆ ಚೂರು ಬರ್ಂಟ್ ಸಿಯೆನ್ನಾ ಸೇರಿಸಿದರೆ ಹುಣಿಸೆಯ ನೆರಳಿನ ಹಸಿರು. ಟ್ಯೂಬಿನ ಹಸಿರು ಎಲ್ಲ ಮರಕ್ಕೂ ಒಂದೇ ಅಂಗಿ ತೊಡಿಸಿದಂತೆ. ಕಪ್ಪೂ ಬೇಡ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಸಮನಾಗಿ ಕಲಸಿದರೆ ಬರುವ ಕಡುಬಣ್ಣದಲ್ಲಿ ಜೀವವಿರುತ್ತದೆ.

ಬರ್ಂಟ್ ಸಿಯೆನ್ನಾ ಎಂಬುದು ಇಟಲಿಯ ಸಿಯೆನಾ ಊರಿನ ಹೆಸರು ಹೊತ್ತ, ಸುಟ್ಟ ಮಣ್ಣಿನ ಬಣ್ಣ. ಅದರ ಕೆಂಪಿಗೂ ಬೀದರಿನ ಮುರಮಿನ ಕೆಂಪಿಗೂ ಕಾರಣ ಒಂದೇ, ಮಣ್ಣಿನೊಳಗಿನ ಕಬ್ಬಿಣ.

ಕ್ಯಾನ್ವಾಸ್ ಬೋರ್ಡು 10 ಇಂಚು ಅಗಲ, 12 ಇಂಚು ಎತ್ತರದ್ದು ಆರಂಭಕ್ಕೆ ಸಾಕು. ಎಣ್ಣೆಬಣ್ಣದ ಅಭ್ಯಾಸಕ್ಕೆಂದೇ ಕಾಗದವೂ ಸಿಗುತ್ತದೆ. ಬರಿಯ ಬಟ್ಟೆಯ ಮೇಲೆ ನೇರವಾಗಿ ಎಣ್ಣೆಬಣ್ಣ ಹಚ್ಚಬಾರದು. ಎಣ್ಣೆ ಕಾಲಕ್ರಮೇಣ ನೂಲನ್ನು ತಿಂದು ಶಿಥಿಲಗೊಳಿಸುತ್ತದೆ. ಅದಕ್ಕೇ ಮೊದಲು ಬಿಳಿ ಲೇಪವಿರಬೇಕು. ಅಂಗಡಿಯ ಬೋರ್ಡುಗಳಲ್ಲಿ ಇದು ಸಾಮಾನ್ಯವಾಗಿ ಹಚ್ಚಿಯೇ ಇರುತ್ತದೆ. ಹಂದಿಕೂದಲಿನ ಚಪ್ಪಟೆ ಕುಂಚ ಎರಡು, ಮೆತ್ತನೆಯ ಸಣ್ಣ ಕುಂಚ ಒಂದು. ಬಣ್ಣ ಕಲಸಲು ಹಳೆಯ ಗಾಜಿನ ತುಂಡಿನ ಅಂಚಿಗೆ ಪಟ್ಟಿ ಅಂಟಿಸಿಕೊಂಡರೆ ಆಯಿತು.

ಕೆಳಗೆ ತೆಳು, ಮೇಲೆ ಜಿಡ್ಡು

ಹುಮನಾಬಾದಿನ ಆ ಹುಡುಗಿ ಈಗ ಮುತ್ತುಗದ ಕಾಡು ಬರೆಯಲು ಕುಳಿತಿದ್ದಾಳೆ. ಬಿಳಿ ಬೋರ್ಡು ಹೆದರಿಸುತ್ತದೆ. ಆದ್ದರಿಂದ ಮೊದಲು ಬರ್ಂಟ್ ಸಿಯೆನ್ನಾವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಇಡೀ ಬೋರ್ಡಿಗೆ ಬಳಿದು, ಬಟ್ಟೆಯಿಂದ ಒರೆಸಬೇಕು. ಈಗ ನೆಲದ ಕೆಂಪು ಇಡೀ ಚಿತ್ರದ ಅಡಿಯಲ್ಲಿ ಬಂತು. ಮುಂದೆ ಎಲೆಗಳ ಸಂದಿಯಲ್ಲಿ ಅದು ಅಲ್ಲಲ್ಲಿ ಇಣುಕಿದರೆ ಇಡೀ ಚಿತ್ರಕ್ಕೆ ಒಂದು ನಂಟು ಬರುತ್ತದೆ.

ಅದು ಒಣಗಿದ ಮೇಲೆ ಕಾಂಡಗಳನ್ನು ಗೆರೆಯಲ್ಲಿ ಗುರುತಿಸಬೇಕು. ಇಲ್ಲಿ ಮಕ್ಕಳು ಮಾಡುವ ತಪ್ಪು ಒಂದೇ: ಮರಗಳನ್ನು ಬೇಲಿಗೂಟದಂತೆ ಸಮ ಅಂತರದಲ್ಲಿ ನಿಲ್ಲಿಸುವುದು. ಎರಡು ಮರ ಹತ್ತಿರ, ಒಂದು ದೂರ, ಒಂದು ದಪ್ಪ, ಮೂರು ಸಣ್ಣ ಹೀಗಿದ್ದರೆ ಲಯ ಹುಟ್ಟುತ್ತದೆ. ಹಲಗೆಯ ಪೆಟ್ಟುಗಳ ನಡುವಿನ ಬಿಡುವಿನಂತೆ, ಕಾಂಡಗಳ ನಡುವಿನ ಖಾಲಿ ಜಾಗಕ್ಕೂ ಆಕಾರವಿದೆ. ಮರವನ್ನು ಬಿಟ್ಟು ಆ ಖಾಲಿ ಜಾಗವನ್ನೇ ಬರೆಯಲು ಯತ್ನಿಸಿದರೆ ಕಾಂಡ ತಾನಾಗಿ ಸರಿಯಾಗುತ್ತದೆ.

ಕಾಡಿಗೆ ಆಳ ತರುವುದು ಹೇಗೆ? ಉತ್ತರ ಕರ್ನಾಟಕದ ನಾಟಕ ಕಂಪನಿಗಳ ರಂಗವನ್ನು ನೆನೆಸಿಕೊಂಡರೆ ಸಾಕು. ಹಿಂದೆ ಕಾಡಿನ ಪರದೆ, ಅದರ ಮುಂದೆ ಎಡಬಲಕ್ಕೆ ಮರಗಳ ವಿಂಗುಗಳು. ಚಿತ್ರದಲ್ಲಿಯೂ ಹಾಗೆಯೇ ಮೂರು ಪರದೆ ಕಲ್ಪಿಸಿಕೊಳ್ಳಬೇಕು. ಹಿಂದಿನದು ತಿಳಿ, ನೀಲಿ ಬೆರೆತ ಬೂದು. ನಡುವಿನದು ಮಧ್ಯಮ. ಮುಂದಿನದು ಕಡು ಮತ್ತು ಬೆಚ್ಚಗಿನ ಬಣ್ಣ. ಪ್ರತಿ ಪರದೆಯೊಳಗೆ ಹೆಚ್ಚು ಏರಿಳಿತ ಬೇಡ, ಚಪ್ಪಟೆಯಾಗಿಯೇ ಇರಲಿ. ಶೈಲೀಕೃತ ಚಿತ್ರದ ಸೊಗಸು ಅದರಲ್ಲಿಯೇ ಇದೆ.

ಇಷ್ಟಾದ ಮೇಲೆ ಎಣ್ಣೆಬಣ್ಣದ ಮುಖ್ಯ ನಿಯಮ ಬರುತ್ತದೆ: ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ಎಣ್ಣೆ ಹೆಚ್ಚಿದ ಪದರ ನಿಧಾನವಾಗಿ ಒಣಗುತ್ತದೆ, ಬಳುಕುತ್ತದೆ. ಅದು ಕೆಳಗಿದ್ದು, ಅದರ ಮೇಲೆ ಬೇಗ ಒಣಗುವ ತೆಳು ಪದರ ಬಿದ್ದರೆ ಮೇಲಿನದು ಬಿಗಿದುಕೊಳ್ಳುತ್ತದೆ, ಕೆಳಗಿನದು ಇನ್ನೂ ಜರುಗುತ್ತಿರುತ್ತದೆ. ಪರಿಣಾಮ ಬಿರುಕು. ಕೆಸರು ಒಣಗುವ ಮುನ್ನ ಸಾರಿಸಿದ ಅಂಗಳದಂತೆ! ಆದ್ದರಿಂದ ಮೊದಲ ದಿನ ಟರ್ಪೆಂಟೈನ್ ಬೆರೆತ ಬಣ್ಣ, ಎರಡನೆಯ ಸಲ ಟ್ಯೂಬಿನ ಬಣ್ಣ ಹಾಗೆಯೇ, ಕೊನೆಗೆ ಒಂದೆರಡು ಹನಿ ಅಗಸೆ ಎಣ್ಣೆ.

ಕೇಸರಿ ಹೂವು ಬರುವುದು ಕಟ್ಟಕಡೆಗೆ. ಹಳದಿ, ಸ್ಕಾರ್ಲೆಟ್ ಕಲಸಿದ ದಪ್ಪ ಬಣ್ಣವನ್ನು ಕುಂಚದ ಮೂಲೆಯಿಂದ ಒತ್ತಿ ಬಿಡಬೇಕು. ತಿಕ್ಕಬಾರದು. ತಿಕ್ಕಿದರೆ ಕೆಳಗಿನ ಬಣ್ಣ ಕಲೆತು ಕೆಸರಾಗುತ್ತದೆ. ಸುತ್ತಲಿನ ಬಣ್ಣ ಮಾಸಲಾಗಿದ್ದರೆ ಮಾತ್ರ ಕೇಸರಿ ಉರಿಯುತ್ತದೆ. ಬಿದರಿಯ ಬೆಳ್ಳಿ ಹೊಳೆಯುವುದು ಅದರ ಕಪ್ಪಿನಿಂದ ತಾನೆ?

ಒಂದು ಪದರ ಮುಟ್ಟುವಷ್ಟು ಒಣಗಲು ಎರಡು ದಿನದಿಂದ ಒಂದು ವಾರ ಬೇಕು. ದಪ್ಪ ಬಣ್ಣವಾದರೆ ಇನ್ನೂ ಹೆಚ್ಚು. ಚಿತ್ರ ಮುಗಿದ ಮೇಲೆ ವಾರ್ನಿಷ್ ಹಚ್ಚಲು ಆರು ತಿಂಗಳಿಂದ ವರ್ಷ ಕಾಯುವುದು ರೂಢಿ. ಎಲ್ಲವೂ ಬೆರಳ ತುದಿಯಲ್ಲಿ ಸಿಗುವ ಈ ದಿನಗಳಲ್ಲಿ ಕಾಯಲೇಬೇಕಾದ ಒಂದು ಕೆಲಸ ಮಕ್ಕಳ ಕೈಗೆ ಬರುವುದೂ ಒಂದು ಭಾಗ್ಯವೇ. ಅವಸರಿಸಿದರೆ ಎಣ್ಣೆಬಣ್ಣ ಮಾತು ಕೇಳುವುದಿಲ್ಲ.

ಪಾಲಕರು ಗಮನಿಸಬೇಕಾದದ್ದು

ಟರ್ಪೆಂಟೈನಿನ ಹಬೆ ತಲೆನೋವು ತರುತ್ತದೆ. ಕಿಟಕಿ ತೆರೆದು ಅಥವಾ ಪಡಸಾಲೆಯಲ್ಲಿ ಕುಳಿತು ಬರೆಯುವುದು ಒಳ್ಳೆಯದು. ಒಲೆಯ ಹತ್ತಿರ ಕೂಡದು. ಬಣ್ಣದ ಕೈಯಲ್ಲಿ ತಿನ್ನಬಾರದು, ಕುಂಚವನ್ನು ಬಾಯಲ್ಲಿ ಕಚ್ಚಬಾರದು. ಕೆಲವು ಬಣ್ಣಗಳಲ್ಲಿ ವಿಷಕಾರಿ ಲೋಹಗಳಿರುತ್ತವೆ.

ಬಹಳ ಜನರಿಗೆ ತಿಳಿಯದ ಇನ್ನೊಂದು ಅಪಾಯವಿದೆ. ಅಗಸೆ ಎಣ್ಣೆ ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ. ಆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಒಳಗೇ ಕೂಡಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಬೀದರ್ ಜಿಲ್ಲೆಯ ಬೇಸಿಗೆಯಲ್ಲಂತೂ ಎಚ್ಚರ ಇನ್ನೂ ಹೆಚ್ಚಿರಬೇಕು. ಇಂಥ ಬಟ್ಟೆಯನ್ನು ಹೊರಗೆ ಒಂದೊಂದಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಉಳಿದ ಟರ್ಪೆಂಟೈನನ್ನು ಬಚ್ಚಲಿಗೆ ಸುರಿಯಬಾರದು. ಮುಚ್ಚಳ ಹಾಕಿಟ್ಟರೆ ಬಣ್ಣ ತಳಕ್ಕಿಳಿದು ಮೇಲಿನ ತಿಳಿ ಮತ್ತೆ ಬಳಕೆಗೆ ಬರುತ್ತದೆ. ಹತ್ತು ಹನ್ನೆರಡರೊಳಗಿನ ಮಕ್ಕಳಿಗೆ ಎಣ್ಣೆಬಣ್ಣ ಬೇಡ. ಪೋಸ್ಟರ್ ಕಲರಿನಲ್ಲಿ ಇದೇ ಅಭ್ಯಾಸ ಮಾಡಬಹುದು.

ಇನ್ನು ಎಲ್ಲ ಮನೆಗಳಲ್ಲಿ ಏಳುವ ಪ್ರಶ್ನೆ: "ಚಿತ್ರ ತಗದ್ರ ಹೊಟ್ಟಿ ತುಂಬ್ತದೇನು?" ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಚಿತ್ರಕಲೆ ಕಲಿತ ಎಲ್ಲರೂ ಚಿತ್ರಕಾರರಾಗಿ ಬದುಕುವುದಿಲ್ಲ. ಆದರೆ ದಾರಿಗಳೂ ಮುಚ್ಚಿಲ್ಲ. ಇದೇ ಭಾಗದ, ಕಲಬುರಗಿಯ ಎಸ್.ಎಂ. ಪಂಡಿತ್ (1916-1993) ಊರಿನಲ್ಲಿ ಶಂಕರರಾವ್ ಆಳಂದಕರ್ ಎಂಬ ಗುರುವಿನ ಬಳಿ ಕಲಿಕೆ ಆರಂಭಿಸಿ, ಮುಂದೆ ಮುಂಬೈಗೆ ಹೋಗಿ, ಸಿನಿಮಾ ಪ್ರಚಾರ ಚಿತ್ರಗಳಿಂದ ಪೌರಾಣಿಕ ಚಿತ್ರಗಳವರೆಗೆ ದೇಶವೇ ಗುರುತಿಸುವ ಕಲಾವಿದರಾದರು. ಬೆಂಗಳೂರಿನ ರುಮಾಲೆ ಚನ್ನಬಸವಯ್ಯ (1910-1988) ಸ್ವಾತಂತ್ರ್ಯ ಹೋರಾಟ, ಪತ್ರಿಕೋದ್ಯಮ, ರಾಜಕೀಯದ ನಡುವೆ ಕುಂಚ ಕೆಳಗಿಟ್ಟಿದ್ದವರು, ಐವತ್ತು ದಾಟಿದ ಮೇಲೆ ಮತ್ತೆ ಹಿಡಿದು ಹೂಬಿಟ್ಟ ಮರಗಳನ್ನು ಅವುಗಳ ಮುಂದೆಯೇ ಕುಳಿತು ಬರೆದರು. ಒಬ್ಬರಿಗೆ ಚಿತ್ರ ಜೀವನೋಪಾಯವಾಯಿತು, ಇನ್ನೊಬ್ಬರಿಗೆ ಜೀವನದ ಎರಡನೆಯ ಉಸಿರಾಯಿತು. ಎರಡೂ ಸಾರ್ಥಕವೇ.

ಶಾಲೆಯಲ್ಲಿರುವಾಗಲೇ ಚಿತ್ರಕಲೆಯ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಕೂಡಬಹುದು. ಪಿ.ಯು.ಸಿ. ಮುಗಿದ ಮೇಲೆ ಕಲಬುರಗಿಯಲ್ಲಿಯೇ ದೃಶ್ಯಕಲಾ ಕಾಲೇಜುಗಳಿವೆ. ಮೈಸೂರಿನ 'ಕಾವಾ', ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ವಿನ್ಯಾಸ ಕಲಿಯುವ ಆಸೆಯಿದ್ದವರಿಗೆ ಅಹಮದಾಬಾದಿನ ಎನ್.ಐ.ಡಿ., ಐ.ಐ.ಟಿ.ಗಳ ವಿನ್ಯಾಸ ಪದವಿಗಳಿವೆ. ಅಲ್ಲಿಯ ಪ್ರವೇಶ ಪರೀಕ್ಷೆಗಳಲ್ಲಿ ನೋಡುವ ಶಕ್ತಿ, ಗೆರೆಯ ಹಿಡಿತ ಎರಡಕ್ಕೂ ಬೆಲೆಯಿದೆ. ಇವಾವುದೂ ಬೇಡವೆಂದು ಮಗು ಎಂಜಿನಿಯರೋ ಒಕ್ಕಲಿಗನೋ ಆದರೂ ಮರವನ್ನು ನೋಡುವ ಕಣ್ಣು ಅದರ ಬಳಿ ಉಳಿಯುತ್ತದೆ. ರಸ್ತೆ ಅಗಲವಾಗುವಾಗ ಮೊದಲು ಕೊಡಲಿ ಬೀಳುವುದು ಬದಿಯ ಮರಕ್ಕೆ. ಒಂದು ಬೇವಿನ ಆಕಾರವನ್ನು ಹತ್ತು ಸಲ ಬರೆದವರಿಗೆ ಆ ಬೇವು ಹೋದದ್ದು ತಿಳಿಯುತ್ತದೆ. ಉಳಿದವರಿಗೆ ಅದು ಇದ್ದದ್ದೇ ತಿಳಿದಿರುವುದಿಲ್ಲ.

ಹುಮನಾಬಾದಿನ ಹುಡುಗಿಯ ಚಿತ್ರ ಯುಗಾದಿಯ ಹೊತ್ತಿಗೆ ಒಣಗಿರುತ್ತದೆ. ಅದರಲ್ಲಿ ತಪ್ಪುಗಳಿರುತ್ತವೆ. ಹಿಂದಿನ ಪರದೆ ಸ್ವಲ್ಪ ಕಡುವಾಗಿದೆ, ಒಂದೆಡೆ ಕೇಸರಿ ಕೆಸರಾಗಿದೆ, ಒಂದು ಕಾಂಡ ನಡುವಿಗೆ ಬಂದು ನಿಂತುಬಿಟ್ಟಿದೆ. ಮೊಬೈಲಿನ ಹಿಮದ ಕಾಡಿನಷ್ಟು ನುಣುಪಾಗಿಯೂ ಇಲ್ಲ. ಹೊಲದಿಂದ ಬಂದ ಮುತ್ಯಾ ಗೋಡೆಯ ಮುಂದೆ ನಿಂತು ನೋಡುತ್ತಾನೆ. ಈ ಸಲ ಆತ ಪ್ರಶ್ನೆ ಕೇಳುವುದಿಲ್ಲ.

"ನಮ್ಮ ಬದುವಿನ ಮುತ್ತಲ ಅಲ್ಲೇನವ್ವ ಇದು?" ಎನ್ನುತ್ತಾನೆ, ಉತ್ತರ ಗೊತ್ತಿದ್ದವನಂತೆ.